ಶಿವರಾಜನ ಕರಡಿಗೆ

ಯೂನಿಯನ್ ಸಿಟಿ
ಶನಿವಾರ, ೧೪ ಜೂನ್ ೨೦೨೫

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಮಾಡುವ ಶರಣು.

ಮೊಣಕಾಲು ನೋವು ಹೇಗಿದೆ? ನಾ ಕಳಿಸಿದ ಎಣ್ಣೆ ಹಚ್ಚಿಕೊಳ್ತೀರೋ, ಇಲ್ಲಾ ಶೀಶೆ ದೇವರ ಜಗಲಿ ಮೇಲಿಟ್ಟಿದ್ದೀರೋ? ಇಲ್ಲಿ ನಾವು ಆರಾಮ ಇದ್ದೀವಿ. ನಿಮ್ಮ ಮಗನಿಗೆ ಆಫೀಸು, ಮನೆ, ಮತ್ತೆ ಆಫೀಸು.

ನಿಮ್ಮ ಮೊಮ್ಮಗನ ಸುದ್ದಿ ಬರೀಬೇಕು. ಶಿವರಾಜ ಆಟ ಬಿಟ್ಟು ಎರಡು ವರ್ಷ ಆಯಿತಲ್ಲ, ಈಗ ಹಳೇ ಟೀಮಿನವರು ಇನ್ನೊಂದು ವರ್ಷ ಬಾ ಅಂತ ಕರೀತಿದ್ದಾರೆ. ಸೋಮವಾರ ಉತ್ತರ ಕೊಡಬೇಕು. ತಲೆಗೆ ಇನ್ನೊಂದು ಪೆಟ್ಟು ಬೀಳಲೇಬಾರದು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ನಿಮಗೆ ಈ ದೇಶದ ಆಟ ಗೊತ್ತಿಲ್ಲ. ಹೆಸರು ಫುಟ್‌ಬಾಲು, ಆಡೋದು ಕೈಯಲ್ಲಿ. ಹಿಂದಿನಿಂದ ಒಬ್ಬ ಚೆಂಡು ಒಗೀತಾನೆ, ನಮ್ಮವ ಓಡಿಹೋಗಿ ಹಿಡೀಬೇಕು, ಹಿಡಿದ ಕೂಡಲೇ ಕೋಣನಂಥ ಮೂವರು ಮೈಮೇಲೆ ಬೀಳ್ತಾರೆ. ಇದನ್ನ ಏಳು ವರ್ಷ, ಮೂರು ಊರಿನ ಟೀಮುಗಳಿಗೆ ಆಡಿದ. ಎಡಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಾಗಲ್ಲ. ಮೂರನೇ ಸಲ ತಲೆಗೆ ಪೆಟ್ಟಾದಾಗ ಎದ್ದು ಕೂತು ನನ್ನನ್ನೇ ಯಾರು ಅಂತ ಕೇಳಿದ. ಆಗ ನಿಮಗೆ ಹೇಳಲಿಲ್ಲ.

ಅವನ ಎಂಟನೇ ವರ್ಷಕ್ಕೆ ನೀವು ಸ್ವಾಮಿಗಳಿಂದ ಲಿಂಗ ಕಟ್ಟಿಸಿದ್ರಿ. ಎಡ ಅಂಗೈ ಮೇಲೆ ಇಷ್ಟಲಿಂಗ ಇಡಿಸಿ, "ಕಣ್ಣು ಅತ್ತಿತ್ತ ಹೋಗಬಾರದು ನನ್ನಪ್ಪ" ಅಂದಿದ್ರಿ. ಚೆಂಡು ಹಿಡಿಯೋದು ಯಾರು ಕಲಿಸಿದ್ದು ಅಂತ ಪೇಪರಿನವರು ಕೇಳಿದಾಗೆಲ್ಲ ನಮ್ಮಜ್ಜಿ ಅಂತಿದ್ದ. ಒಂದು ಆಟನೂ ನೋಡದ ಕೋಚು ನೀವೊಬ್ಬರೇ ಇರಬೇಕು.

ಮೂವತ್ತು ವರ್ಷದವ, ಅವನೇ ನೋಡ್ಕೊಳ್ಳಲಿ ಅಂತಾರೆ ನಿಮ್ಮ ಮಗ. ನಾನು ಬೇಡ ಅಂದಿದ್ದೀನಿ. ಪೂಜೆಗೆ ಕೂತು, ಯೋಚನೆ ಮಾಡಿಯೇ ಅಂದದ್ದು. ಆ ಮಾತು ಬದಲಾಗಲ್ಲ.

ನಿಮ್ಮ ಆಶೀರ್ವಾದ ಈ ಮನೆ ಮೇಲಿರಲಿ. ಪಕ್ಕದ ಮನೆ ದಾನವ್ವಕ್ಕನಿಗೂ ಶರಣು ಹೇಳಿ.

ನಿಮ್ಮ ಸೊಸೆ,
ಶೈಲಜಾ

ತಾ.ಕ.: ಮರೆತದ್ದಲ್ಲ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ಲಿಂಗ ಒಂದು ದಿನವೂ ಅವನ ಕೊರಳು ಬಿಟ್ಟಿಲ್ಲ ಅಂತ ಫೋನಿನಲ್ಲಿ ಹೇಳ್ತಿದ್ದೆನಲ್ಲ, ಅದು ಸುಳ್ಳು. ಲಿಂಗ ಇಡೋ ಆ ಬೆಳ್ಳಿ ಕರಡಿಗೆ ಹಾಕ್ಕೊಂಡು ಆಡೋಕೆ ಟೀಮಿನವರು ಬಿಡ್ತಿರಲಿಲ್ಲ. ಏಳು ವರ್ಷ, ಪ್ರತಿ ಆಟ ಮುಗಿಯೋವರೆಗೂ ಲಿಂಗದ ಸಮೇತ ಅದನ್ನ ನನ್ನ ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ತಪ್ಪು ನನ್ನದು, ಅವನನ್ನ ಬೈಬೇಡಿ. ನಿನ್ನೆ ಅದನ್ನ ಬಿಚ್ಚಿ, "ಒನ್ ಮೋರ್ ಇಯರ್ ಅವ್ವಾ, ಹಿಡ್ಕೋ" ಅಂತ ಮುಂದೆ ಚಾಚಿದ. ನಾನು ಕೈ ಹಿಂದೆ ಕಟ್ಟಿಕೊಂಡೆ. ನಿನ್ನ ಕೊರಳಿಗೇ ಹಾಕ್ಕೋ, ನನ್ನ ಕೈ ಇನ್ನು ಹಿಡಿಯಲ್ಲ ಅಂದೆ. ಆ ಸೊಟ್ಟ ಬೆರಳುಗಳಲ್ಲೇ ಕರಡಿಗೆಯ ದಾರ ಬಿಡಿಸಿಕೊಂಡ. ಆಮೇಲೆ ಹಾಕ್ಕೊಂಡ. ಸೋಮವಾರ ಏನಂತಾನೋ ಗೊತ್ತಿಲ್ಲ. ಇನ್ನು ಆಡೋಕೆ ಅಂತ ಬಿಚ್ಚಿದರೆ ಹಿಡಿಯೋ ಕೈಯಿಲ್ಲ, ನೆಲದ ಮೇಲೇ ಇಡಬೇಕು. ಏಳು ವರ್ಷ ಚೆಂಡನ್ನೇ ನೆಲ ಮುಟ್ಟಿಸದವ, ಇದನ್ನ ಇಡ್ತಾನಾ, ಅತ್ತೆ?