ಬಾಯಿ ಮುಚ್ಚಿಸಿದ ಸೈರನ್

ವಾಡಿ, ೧೨ ನವೆಂಬರ್, ಬುಧವಾರ

ಸಮಸ್ತ ಲೋಕಕ್ಕೆ ತಿಳಿಯಲಿ: ನನ್ನ ಹೊಸ ಕಾರಿನ ಸೈರನ್ ಇಂದು ಮಧ್ಯಾಹ್ನ ಸಂಪೂರ್ಣ ಮೌನ ಪಾಲಿಸಿತು.

ಊರ ಪಕ್ಕದ ಗಣಿಯಲ್ಲಿ ಮಧ್ಯಾಹ್ನ ಮೂರಕ್ಕೆ ಮದ್ದು ಹಾರಿಸಿದಾಗಲೆಲ್ಲ ನೆಲ ನಡುಗಿ, ಅದು ಅರಚಿಕೊಳ್ಳುತ್ತಿತ್ತು. ಎದುರುಮನೆಯ ದೇವಿಂದ್ರಪ್ಪ ಕೈಮುಗಿದಿದ್ದ. "ಅಣ್ಣಾ, ನಮ್ಮವ್ವ ಬೆಚ್ಚಿ ಬೀಳ್ತಾಳ. ಆ ಹೊತ್ತಿಗಿ ಬಂದ್ ಮಾಡ್ರಿ. ಗಾಡಿ ನಾ ನೋಡ್ಕೋತೀನಿ." ನಂಬಿದೆ. ದಿನಾ ಮೂರಕ್ಕೆ ಬಂದ್ ಮಾಡುತ್ತಿದ್ದೆ.

ಇಂದು ಅದೇ ಹೊತ್ತಿಗೆ ಯಾರೋ ಗಾಜು ಒಡೆದು ಹಿಂದಿನ ಸೀಟಿನ ಚೀಲ ಒಯ್ದರು. ಅದರಲ್ಲಿದ್ದದ್ದು, ಮೊನ್ನೆ ಹುಟ್ಟಿದ ಮೊಮ್ಮಗಳಿಗೆ ಹೊದಿಸಲೆಂದು ನನ್ನಾಕೆ ಭಾಗ್ಯ ಆರು ತಿಂಗಳು ಕೂತು ಹೊಲಿದ ಕೌದಿ.

ದೇವಿಂದ್ರಪ್ಪ ತನ್ನ ಮನೆಯ ಕಟ್ಟೆಯ ಮೇಲೇ ಕೂತಿದ್ದನಂತೆ!

"ನೋಡೀನ್ರೀ ಅಣ್ಣಾ. ಸೈರನ್ ಒದರ್ಲೇ ಇಲ್ಲಲ್ಲ, ನಿಮ್ಮವರೇ ಯಾರೋ ಅನ್ಕೊಂಡೆ."

"ನಮ್ಮವರು ಗಾಜು ಒಡೀತಾರೇನೋ?"

"ಕೀಲಿ ಕಳ್ಕೊಂಡಿರಬೇಕು ಅಂತ ಸುಮ್ಮನಾದೆ. ಭಾಳ ಅವಸರದಾಗಿದ್ದ, ಪಾಪ."

ಕಳ್ಳನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ನನಗೆ ಮಾತು ಕೊಟ್ಟಿರಲಿಲ್ಲ.

ಭಾಗ್ಯ, ನೀನು ಈ ದಿನಚರಿಯ ವಹಿ ಕದ್ದು ಓದುತ್ತೀ ಎಂದು ಗೊತ್ತು. ಒಂದು ಉಪಕಾರ ಮಾಡು. ನಾಳೆ ಸಂಜೆ ದೇವಿಂದ್ರಪ್ಪನ ಮನೆಗೆ ಹೆಪ್ಪು ಕೇಳಲು ಹೋಗಬೇಡ. ಎರಡು ದಿನ ಮೊಸರಿಲ್ಲದೆ ಉಂಡೇವು.