ಲೈಸೆನ್ಸ್ ಉಳೀತು ಕಣೇ

ಪುಟ್ಟಿ,

ಎಬ್ಬಿಸೋಣ ಅಂತ ಎರಡು ಸಲ ಬಂದೆ. ನೀನು ಬಾಯಿ ತೆಕ್ಕೊಂಡು ಮಲಗಿದ್ದೆ, ಬಿಟ್ಟೆ.

ಬೆಳಿಗ್ಗೆ ನರ್ಸಿಂಗ್ ಕೌನ್ಸಿಲ್‌ನ ಆದೇಶ ಇಮೇಲಲ್ಲಿ ಬಂತು. ವಾರ್ಡಲ್ಲಿ ಕಾಣೆಯಾದ ಮಾರ್ಫಿನ್ನನ್ನ ನಶೆಗೆ ನಾನೇ ಚುಚ್ಚಿಕೊಂಡೆ ಅನ್ನೋ ದೂರು ವಜಾ. ಮೂರು ಸಲ ಓದಿದೆ, ನಾಲ್ಕನೇ ಸಲ ಬೆಕ್ಕಿಗೆ ಓದಿ ಹೇಳಿದೆ.

ಆಮೇಲೆ ಮೇಟ್ರನ್ ಫೋನ್ ಮಾಡಿ, "ಇವತ್ತೇ ಬಂದುಬಿಡಮ್ಮ, ಜನ ಸಾಲ್ತಿಲ್ಲ" ಅಂದರು. ನಾಲ್ಕು ತಿಂಗಳ ಹಿಂದೆ ಇದೇ ಬಾಯಲ್ಲಿ, "ತಪ್ಪೊಪ್ಪಿಕೊಂಡು ಸಹಿ ಹಾಕು, ಸದ್ದಿಲ್ಲದೆ ಮುಗಿಸೋಣ" ಅಂದಿದ್ದರು. ಆ ಕಾಗದ ಮನೆಗೆ ತಂದು ಸಹಿ ಹಾಕೋಕೆ ಕೂತಾಗ ನೀನು ಪೆನ್ನು ಕಿತ್ಕೊಂಡು, "ಅಕ್ಕ, ವಕೀಲರನ್ನ ಕೇಳದೆ ಒಂದಕ್ಷರ ಬರೀಬೇಡ, ಮೊದಲು ಲ್ಯಾಬಿಗೆ ನಡಿ" ಅಂತ ದರದರ ಎಳ್ಕೊಂಡು ಹೋದೆ. ದಾರಿಯುದ್ದಕ್ಕೂ ನಿನ್ನನ್ನ ಬೈದೆ. ಅವತ್ತು ಲ್ಯಾಬಲ್ಲಿ ಕೊಟ್ಟ ಕೂದಲಲ್ಲಿ ತಿಂಗಳುಗಳ ಹಿಂದಿನ ಮಾರ್ಫಿನ್ನಿನ ಸುಳಿವೂ ಇರಲಿಲ್ಲ, ಆ ಪರೀಕ್ಷೆ ನೋಡಿಯೇ ನನ್ನನ್ನ ಬಿಟ್ಟಿದ್ದು ಅಂತ ಆದೇಶದಲ್ಲಿದೆ. ವಕೀಲರಮ್ಮಂಗೆ ಫೋನ್ ಮಾಡಿ ಹೇಳು, ನಾನು ಮಾಡಿದರೆ ಬರೀ ನಗ್ತೀನಿ.

ಗೀಸರ್ ಆಫ್ ಮಾಡು. ಬೆಕ್ಕಿಗೆ ತಿಂಡಿ ಹಾಕಿದ್ದೀನಿ, ಅದರ ನಾಟಕ ನಂಬಬೇಡ. ನನ್ನ ಬಿಳಿ ಶೂ ಸಿಗಲಿಲ್ಲ, ನಿನ್ನದು ಹಾಕ್ಕೊಂಡಿದ್ದೀನಿ, ಕೂಗಾಡಬೇಡ. ಯೂನಿಫಾರ್ಮಿನ ಗುಂಡಿ ಹತ್ತುತ್ತಿಲ್ಲ, ನಾಲ್ಕು ತಿಂಗಳು ಕೂರಿಸಿ ತಿನ್ನಿಸಿದ್ದು ನೀನೇ. ಪಿನ್ ಹಾಕಿದ್ದೀನಿ. ಜೋರಾಗಿ ಉಸಿರಾಡಿದರೆ ರೋಗಿಗಳ ಮುಂದೆ ಮಾನ ಹೋಗುತ್ತೆ.

ಹೊರಟವಳು ಬಾಗಿಲಿಂದ ವಾಪಸ್ ಬಂದು ಇದನ್ನ ಬರೀತಿದ್ದೀನಿ. ಈ ನಾಲ್ಕು ತಿಂಗಳಲ್ಲಿ ಎಲ್ಲರೂ ಕೇಳಿದರು. ಅಮ್ಮನೂ ಕೇಳಿದಳು. "ನಿಜವಾಗ್ಲೂ ತಗೊಂಡಿದ್ಯಾ" ಅಂತ ನೀನೊಬ್ಬಳೇ ಒಂದು ಸಲವೂ ಕೇಳಲಿಲ್ಲ.

ಅಕ್ಕ