ತಪ್ಪು ನಿನ್ನ ಕಿಡ್ನಿಯದಲ್ಲ

ಪುಟ್ಟಿ,

ಚಿಕ್ಕಂದಿನಲ್ಲಿ ಉಯ್ಯಾಲೆಯ ಸರಪಳಿ ಹಿಡಿದು ಹಿಡಿದು ನಮ್ಮ ಕೈಗೆ ಅಂಟುತ್ತಿದ್ದ ತುಕ್ಕಿನ ವಾಸನೆ ನೆನಪಿದೆಯಾ? ಈಗ ಕಬ್ಬಿಣದ ಮಾತ್ರೆಯ ಶೀಶೆ ತೆರೆದಾಗ ಅದೇ ವಾಸನೆ ಬಂತು. ನಿನಗೆ ಹೇಳೋಣವೆಂದರೆ ನೀನು ನಿನ್ನೆಯಿಂದ ಮಾತು ಬಿಟ್ಟಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಟರು "ರಕ್ತ ತುಂಬಾ ಕಡಿಮೆಯಾಗಿದೆ" ಅಂದದ್ದೇ ತಡ, ನೀನು "ಅಕ್ಕಾ, ನಾನು ಕೊಟ್ಟದ್ದೇ ಹಾಳು ಮಾಲು" ಅಂದುಬಿಟ್ಟೆ. ಅಲ್ಲ ಕಣೇ. ನಿನ್ನ ಕಿಡ್ನಿ ನಿನ್ನ ಹಾಗೇ ಗಟ್ಟಿಗಿತ್ತಿ. ಅದನ್ನು ಕಾಯುವ ಮಾತ್ರೆಯೇ ಹೊಸ ರಕ್ತ ಹುಟ್ಟಲು ಬಿಡುತ್ತಿಲ್ಲವಂತೆ. ನನ್ನ ವಯಸ್ಸೂ ಅದರ ಜೊತೆ ಸೇರಿಕೊಂಡಿದೆ. ಇವತ್ತು ಆಸ್ಪತ್ರೆಯಲ್ಲಿ ಆ ಮಾತ್ರೆ ಕಡಿಮೆ ಮಾಡಿ ರಕ್ತ ಹೆಚ್ಚಿಸುವ ಇಂಜೆಕ್ಷನ್ ಶುರು ಮಾಡುತ್ತಾರೆ.

"ಕಿಡ್ನಿ ಕೊಟ್ಟವಳಿಗೆ ಒಂದು ಬಾಟಲಿ ರಕ್ತ ಯಾವ ಲೆಕ್ಕ?" ಅಂತ ಅವರ ಮುಂದೆಯೇ ತೋಳು ಏರಿಸಿದೆಯಲ್ಲ! ಅವರು ಬೇಡ ಅಂದದ್ದು ನಿನ್ನ ಮೇಲಿನ ಅಸಡ್ಡೆಯಿಂದಲ್ಲ. ಬೇರೆಯವರ ರಕ್ತ ಸೇರಿದರೆ ನನ್ನ ಮೈ ನೀನು ಕೊಟ್ಟ ಕಿಡ್ನಿಯ ಮೇಲೇ ತಿರುಗಿಬೀಳಬಹುದಂತೆ.

ರಾತ್ರಿ ನೀನು ಮುಟ್ಟದ ತಟ್ಟೆಯನ್ನು ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.
ಹಾಲು ಅರ್ಧ ಲೀಟರ್ ಸಾಕು.
ಮೆಟ್ಟಿಲ ತಿರುವಿನ ಕುರ್ಚಿ ಅಲ್ಲೇ ಇರಲಿ. ನನಗೆ ಏದುಸಿರು ಬರುತ್ತದೆಂದು ಅದನ್ನಲ್ಲಿ ಇಟ್ಟವಳು ನೀನೇ ಅಂತ ಗೊತ್ತು.

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ನೀನೇ ಬಂದೆ. ಮುಖ ನೋಡಲಿಲ್ಲ. ಬಿಸಿ ಬಿಸಿ ಊಟದ ಡಬ್ಬಿಯನ್ನು ಆಸ್ಪತ್ರೆಗೆ ಹೊರಟ ನನ್ನ ಕೈಗಿಟ್ಟು ಒಳಗೆ ಹೋದೆ.